ಒಂದೆಕರೆ ಟೊಮೆಟೊಗೆ ಸೋಲಾರ್ ಡ್ರಿಪ್: ಲೀಟರ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕೋಲಾರದ ಕಡೆಯ ಒಂದೆಕರೆ ಟೊಮೆಟೊ, ಪಕ್ಕದಲ್ಲೊಂದು ಕೃಷಿ ಹೊಂಡ. ಇಷ್ಟನ್ನೇ ಇಟ್ಟುಕೊಂಡು ಸ್ಮಾರ್ಟ್ ಸೋಲಾರ್ ಡ್ರಿಪ್ ಬಗ್ಗೆ ಮಾತಾಡೋಣ.

ಬೇಸಿಗೆಯಲ್ಲಿ ಕಾಯಿ ಹಿಡಿದ ಗಿಡಗಳಿಗೆ ದಿನಕ್ಕೆ ಸುಮಾರು 4 ಮಿಲಿಮೀಟರ್ (ಹೊಲದ ತುಂಬ ಅಷ್ಟು ಎತ್ತರ ನಿಲ್ಲುವಷ್ಟು) ನೀರು ಬೇಕು ಎಂದುಕೊಳ್ಳಿ. ಎಕರೆಗೆ 16 ಸಾವಿರ ಲೀಟರ್ ಆಯಿತು. ಸಾಲುಗಳ ನಡುವೆ 4 ಅಡಿ, ಡ್ರಿಪ್ಪರ್‌ಗಳ ನಡುವೆ 40 ಸೆಂಟಿಮೀಟರ್ ಬಿಟ್ಟರೆ ಸುಮಾರು 8,300 ಡ್ರಿಪ್ಪರ್ ಬರುತ್ತವೆ. ಗಂಟೆಗೆ 2 ಲೀಟರ್ ಬಿಡುವಂಥವಾದರೆ, ಎಲ್ಲಕ್ಕೂ ಒಟ್ಟಿಗೆ ನೀರು ಕೊಡಲು ಗಂಟೆಗೆ 16,600 ಲೀಟರ್ ಎತ್ತುವ ಪಂಪು ಬೇಕು. ಅದೇ ಎಕರೆಯನ್ನು ನಾಲ್ಕು ಭಾಗ ಮಾಡಿ ಸರದಿಯಲ್ಲಿ ಬಿಡಿ: ಗಂಟೆಗೆ 4,150 ಲೀಟರ್ ಸಾಕು. ಒಟ್ಟು ಹೆಡ್ (ನೀರೆತ್ತುವ ಎತ್ತರ, ಪೈಪಿನ ತಡೆ, ಡ್ರಿಪ್ಪಿಗೆ ಬೇಕಾದ ಒತ್ತಡ ಎಲ್ಲ ಸೇರಿ) 20 ಮೀಟರ್ ಒಳಗಿದ್ದರೆ 1 ಎಚ್‌ಪಿ ಡಿಸಿ ಪಂಪು, ಸುಮಾರು 900 ವ್ಯಾಟ್ ಪ್ಯಾನೆಲ್‌ನಲ್ಲಿ ಕೆಲಸ ನಡೆಯುತ್ತದೆ. ದುಡ್ಡು ಉಳಿಯುವುದು ಇಲ್ಲಿ. ಮಣ್ಣಿನ ತೇವ ಅಳೆಯುವ ಸೆನ್ಸರ್ ಮಾತು ಆಮೇಲೆ.

ಕರೆಂಟ್ ಪಂಪಿನ ಟೈಮರನ್ನೇ ಸೋಲಾರ್‌ಗೂ ಹಾಕುವುದು ದೊಡ್ಡ ತಪ್ಪು. ಬೆಳಿಗ್ಗೆ ಎಂಟಕ್ಕೋ ಮೋಡ ಕವಿದಾಗಲೋ ಪಂಪು ನಿಧಾನಕ್ಕೆ ತಿರುಗುತ್ತದೆ, ಒತ್ತಡ 1 ಕೆಜಿ (ಚದರ ಸೆಂಟಿಮೀಟರಿಗೆ) ಮುಟ್ಟುವುದಿಲ್ಲ. ಸಾಲಿನ ಮೊದಲ ಗಿಡ ನೆನೆಯುತ್ತದೆ, ಕೊನೆಯದು ಬಾಡುತ್ತದೆ. ಟೈಮರ್ ಮಾತ್ರ ಗಂಟೆ ಮುಗಿಯಿತು ಎನ್ನುತ್ತದೆ! ಆದ್ದರಿಂದ ಮುಖ್ಯ ಪೈಪಿಗೆ ಪಲ್ಸ್ ಕೊಡುವ, ಅಂದರೆ ಹರಿದ ಲೀಟರ್ ಲೆಕ್ಕವನ್ನು ಕಂಟ್ರೋಲರ್‌ಗೆ ತಿಳಿಸುವ ನೀರಿನ ಮೀಟರ್ ಹಾಕಿ. ಒಂದು ಭಾಗಕ್ಕೆ 4,000 ಲೀಟರ್ ಹೋದ ಮೇಲೆಯೇ ಮುಂದಿನದು. ಒತ್ತಡ ಬರುವ ತನಕ ಬೈಪಾಸ್‌ನಲ್ಲಿ ನೀರು ಹೊಂಡಕ್ಕೇ ವಾಪಸ್ ಹೋಗಲಿ.

ಪ್ರತಿ ಭಾಗದ ವಾಲ್ವ್ ಲ್ಯಾಚಿಂಗ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚಿ, ಹಾಗೇ ನಿಲ್ಲುವಂಥದ್ದು) ಆಗಿರಲಿ. ತೆರೆಯಲು, ಮುಚ್ಚಲು ಒಂದು ಕ್ಷಣದ ಕರೆಂಟ್ ಸಾಕು. ಸಾಮಾನ್ಯ ಸೊಲೆನಾಯ್ಡ್ ತೆರೆದಷ್ಟು ಹೊತ್ತೂ ಬ್ಯಾಟರಿ ತಿನ್ನುತ್ತದೆ. ಮುಂದಿನ ವಾಲ್ವ್ ತೆರೆದ ಮೇಲೆಯೇ ಹಿಂದಿನದು ಮುಚ್ಚಬೇಕು, ಇಲ್ಲದಿದ್ದರೆ ನೀರಿಗೆ ದಾರಿಯಿಲ್ಲದೆ ಒತ್ತಡ ಏರಿ ಪೈಪಿನ ಜಾಯಿಂಟ್ ಕಿತ್ತುಬರಬಹುದು. ಒತ್ತಡ ತೀರಾ ಕಡಿಮೆಯಾದರೆ ಒಳಗಿನ ಡಯಾಫ್ರಮ್ (ರಬ್ಬರ್ ಪರದೆ) ಸರಿಯಾಗಿ ಕೂರುವುದಿಲ್ಲ, ಮುಚ್ಚಿದ ವಾಲ್ವ್ ಸೋರುತ್ತಲೇ ಇರುತ್ತದೆ.

ಇನ್ನು ಸೆನ್ಸರ್. ಎರಡು ಕಡ್ಡಿಯ ಅಗ್ಗದ ರೆಸಿಸ್ಟಿವ್ ಸೆನ್ಸರ್ ತರಲೇಬೇಡಿ. ಮಣ್ಣಿನಲ್ಲಿ ಕರೆಂಟ್ ಹರಿದು ಅದರ ಲೋಹ ಬೇಗ ಸವೆಯುತ್ತದೆ. ಲೋಹ ಮಣ್ಣಿಗೆ ತಾಗದ, ಪಟ್ಟಿಯಂಥ ಕೆಪಾಸಿಟಿವ್ ತನ್ನಿ, ಆದರೆ ಪಟ್ಟಿಯ ಕತ್ತರಿಸಿದ ಅಂಚಿಗೂ ಮೇಲಿನ ಬಿಡಿಭಾಗಗಳಿಗೂ ಎಪಾಕ್ಸಿ ಬಳಿಯಿರಿ. ನೀರು ನುಗ್ಗುವುದು ಅಂಚಿನಿಂದಲೇ. ಡ್ರಿಪ್ಪರ್‌ನಿಂದ ಒಂದು ಗೇಣು ದೂರ, ಅರ್ಧ ಅಡಿ ಆಳದಲ್ಲಿ ಹೂತು, ಮಣ್ಣನ್ನು ಕೆಸರು ಮಾಡಿ ಒತ್ತಿ. ಗರಸು ಮಣ್ಣಿನಲ್ಲಿ ಪಕ್ಕದಲ್ಲಿ ಗಾಳಿ ಉಳಿದರೆ ಅದು ಸದಾ ‘ಒಣಗಿದೆ’ ಎಂದೇ ಹೇಳುತ್ತದೆ, ಹೊಂಡ ಖಾಲಿಯಾಗುತ್ತದೆ. ಒಣ, ಹಸಿ ಅಳತೆಯನ್ನು ನಿಮ್ಮ ಹೊಲದ ಮಣ್ಣಲ್ಲೇ ತೆಗೆಯಿರಿ, ಲೋಟದ ನೀರಿನಲ್ಲಲ್ಲ. ಕಂಟ್ರೋಲರ್ ಆಗಿ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್) ಬೋರ್ಡ್ ಬಳಸುವವರು ಸೆನ್ಸರ್ ತಂತಿಯನ್ನು 32ರಿಂದ 39ರೊಳಗಿನ ಪಿನ್‌ಗೆ ಕೊಡಿ. ವೈಫೈ ಚಾಲೂ ಇದ್ದಾಗ ಉಳಿದ ಅನಲಾಗ್ ಪಿನ್‌ಗಳ ಅಳತೆ ನಂಬುವಂತಿಲ್ಲ. ಇಷ್ಟೆಲ್ಲ ಬೇಡ ಎನ್ನುವವರಿಗೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ರೂಪಿಸಿದ, ಬಣ್ಣದ ದೀಪದಲ್ಲಿ ತೇವಾಂಶ ತೋರಿಸುವ ಕೈ ಸಾಧನವಿದೆ. ನೋಡಿ, ವಾಲ್ವ್ ಕೈಯಲ್ಲೇ ತಿರುಗಿಸಿ. ನನ್ನ ಮಟ್ಟಿಗೆ ಒಂದೆಕರೆಗೆ ಅದೂ ಸ್ಮಾರ್ಟೇ.

ಹೊಂಡದ ನೀರಿನಲ್ಲಿ ಪಾಚಿ ಇದ್ದೇ ಇರುತ್ತದೆ. ಮೊದಲು ಮರಳು ಫಿಲ್ಟರ್, ಆಮೇಲೆ ಡಿಸ್ಕ್. ಫಿಲ್ಟರಿನ ಮುಂದೆ, ಹಿಂದೆ ಎರಡೂ ಕಡೆ ಒತ್ತಡದ ಗೇಜ್ ಹಾಕಿ. ವ್ಯತ್ಯಾಸ ಅರ್ಧ ಕೆಜಿ ದಾಟಿದರೆ ತೊಳೆಯಿರಿ. ಹೊಂಡದಲ್ಲಿ ಫ್ಲೋಟ್ ಸ್ವಿಚ್ (ನೀರು ಇಳಿದಾಗ ಪಂಪು ನಿಲ್ಲಿಸುವ ತೇಲುವ ಸ್ವಿಚ್) ಇಡಲು ಮರೆಯಬೇಡಿ, ನೀರಿಲ್ಲದೆ ಓಡಿದ ಪಂಪಿನ ಸೀಲ್ ಸುಟ್ಟುಹೋಗುತ್ತದೆ.