ಸಮಬಲದ ಕ್ಷೇತ್ರ: ವರ್ಜೀನಿಯಾ, 2017

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಅಮೆರಿಕದ ಚುನಾವಣೆ ಎಂದೊಡನೆ ನಮ್ಮ ಪತ್ರಿಕೆಗಳ ಓದುಗರ ಕಣ್ಣಮುಂದೆ ಬರುವುದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಧ್ಯಕ್ಷೀಯ ಚುನಾವಣೆ ಒಂದೇ. ಆದರೆ ಆ ದೇಶದ ಒಬ್ಬ ಸಾಮಾನ್ಯ ಪ್ರಜೆಯ ಮಗು ಓದುವ ಶಾಲೆ, ಅವನ ಆರೋಗ್ಯ ವಿಮೆ, ಅವನ ಊರಿನ ರಸ್ತೆ, ಕೊನೆಗೆ ಅವನು ಯಾವ ಮತಕ್ಷೇತ್ರಕ್ಕೆ ಸೇರುತ್ತಾನೆ ಎಂಬುದು ಕೂಡ ಹೆಚ್ಚಿನಂಶ ತೀರ್ಮಾನವಾಗುವುದು ರಾಜ್ಯದ ಶಾಸನಸಭೆಯಲ್ಲಿ. ಇವತ್ತು ನಾನು ಅಂಥ ಒಂದು ಶಾಸನಸಭೆಯ ಒಂದೇ ಒಂದು ಕ್ಷೇತ್ರವನ್ನು ಎತ್ತಿಕೊಂಡು ಮಾತನಾಡುತ್ತೇನೆ. ಅದು ವರ್ಜೀನಿಯಾ ರಾಜ್ಯದ ಪ್ರತಿನಿಧಿಗಳ ಸಭೆಯ 94ನೆಯ ಕ್ಷೇತ್ರ, ವರ್ಷ 2017. ಇಬ್ಬರು ಅಭ್ಯರ್ಥಿಗಳಿಗೂ ಸರಿಯಾಗಿ 11,608 ಮತಗಳು ಬಿದ್ದು, ಕೊನೆಗೆ ಒಂದು ಬಟ್ಟಲಿನಿಂದ ಚೀಟಿ ಎತ್ತಿ ವಿಜೇತರನ್ನು ಘೋಷಿಸಿದ ಕ್ಷೇತ್ರ ಅದು. ಇಪ್ಪತ್ತೊಂದನೆಯ ಶತಮಾನದಲ್ಲಿ ಪ್ರಜಾಪ್ರಭುತ್ವ ಲಾಟರಿಯ ಮಟ್ಟಕ್ಕೆ ಇಳಿಯಿತೆಂದು ಆಗ ಬಹಳ ಮಂದಿ ನಕ್ಕರು. ನನ್ನ ವಾದ ಬೇರೆ. ಆ ಇಡೀ ಪ್ರಕರಣದಲ್ಲಿ ನಿಯಮ ಮೊದಲೇ ಎಲ್ಲರಿಗೂ ಗೊತ್ತಿದ್ದು, ಯಾರ ಕೈವಾಡಕ್ಕೂ ಅವಕಾಶವಿಲ್ಲದೆ ನಡೆದದ್ದು ಚೀಟಿ ಎತ್ತಿದ ಆ ಒಂದು ಘಳಿಗೆ ಮಾತ್ರ. ತಕರಾರು ಇದ್ದದ್ದು ಅದಕ್ಕಿಂತ ಹಿಂದಿನ ಹಂತಗಳಲ್ಲಿ.

ಮೊದಲು ರಾಜ್ಯದ ಸ್ಥಿತಿಯನ್ನು ನೋಡೋಣ. 1964ರ ನಂತರ ನಾಲ್ಕು ದಶಕಗಳ ಕಾಲ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಒಮ್ಮೆಯೂ ಗೆಲ್ಲಿಸದಿದ್ದ ವರ್ಜೀನಿಯಾ, 2008 ಮತ್ತು 2012ರಲ್ಲಿ ಒಬಾಮ ಅವರನ್ನು, 2016ರಲ್ಲಿ ಹಿಲರಿ ಕ್ಲಿಂಟನ್ ಅವರನ್ನು ಆರಿಸಿ ಸ್ವಿಂಗ್ ಸ್ಟೇಟ್, ಎಂದರೆ ಎರಡು ಪಕ್ಷಗಳ ನಡುವೆ ತೂಗಾಡುವ ರಾಜ್ಯ, ಎನಿಸಿಕೊಂಡಿತ್ತು. ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ಉತ್ತರ ಭಾಗದ ಉಪನಗರಗಳಿಗೆ ಸರ್ಕಾರಿ ನೌಕರರೂ ತಂತ್ರಜ್ಞರೂ ವಲಸಿಗರೂ ಬಂದು ತುಂಬಿಕೊಂಡದ್ದು ಇದಕ್ಕೆ ಮುಖ್ಯ ಕಾರಣ. ಆದರೆ ಇದೇ ರಾಜ್ಯದ ಪ್ರತಿನಿಧಿಗಳ ಸಭೆಯ 100 ಸ್ಥಾನಗಳಲ್ಲಿ 66 ರಿಪಬ್ಲಿಕನ್ನರ ಕೈಯಲ್ಲಿದ್ದವು. ಕ್ಲಿಂಟನ್ ಮುಂದಿದ್ದ ಕ್ಷೇತ್ರಗಳಲ್ಲೇ 17ನ್ನು ರಿಪಬ್ಲಿಕನ್ ಶಾಸಕರು ಪ್ರತಿನಿಧಿಸುತ್ತಿದ್ದರು.

ಈ ವೈರುಧ್ಯಕ್ಕೆ ಎರಡು ಕಾರಣಗಳನ್ನು ಹೇಳಬಹುದು. ವರ್ಜೀನಿಯಾ ತನ್ನ ಶಾಸನಸಭೆಗೆ ಬೆಸ ವರ್ಷಗಳಲ್ಲಿ ಚುನಾವಣೆ ನಡೆಸುತ್ತದೆ. ಅಧ್ಯಕ್ಷೀಯ ಚುನಾವಣೆಯ ಗದ್ದಲವಿಲ್ಲದ ಅಂಥ ವರ್ಷದಲ್ಲಿ ಮತಗಟ್ಟೆಗೆ ಬರುವವರು ಕಡಿಮೆ, ಬರುವವರಲ್ಲಿ ಹಿರಿಯರೂ ನೆಲೆನಿಂತವರೂ ಹೆಚ್ಚು. ಎರಡನೆಯದು ಕ್ಷೇತ್ರ ವಿಂಗಡಣೆ. ನಮ್ಮಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಆಯೋಗವಿದೆ. ಅಲ್ಲಿ ಆಗ ಶಾಸಕರೇ ತಮ್ಮ ಕ್ಷೇತ್ರಗಳ ಗಡಿಯನ್ನು ತಾವೇ ಎಳೆದುಕೊಳ್ಳುತ್ತಿದ್ದರು. 2011ರಲ್ಲಿ ಕೆಳಮನೆಯಾದ ಪ್ರತಿನಿಧಿಗಳ ಸಭೆಯ ನಕ್ಷೆಯನ್ನು ಅಲ್ಲಿ ಬಹುಮತವಿದ್ದ ರಿಪಬ್ಲಿಕನ್ನರು ಬರೆದರು, ಮೇಲ್ಮನೆಯಾದ ಸೆನೆಟ್‌ನ ನಕ್ಷೆಯನ್ನು ಅಲ್ಲಿ ಬಹುಮತವಿದ್ದ ಡೆಮಾಕ್ರಟರು ಬರೆದರು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಲಿಲ್ಲ. ಈ ವಿಷಯದಲ್ಲಿ ಯಾವ ಪಕ್ಷವೂ ಸಂನ್ಯಾಸಿಯಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಫೆಡರಲ್ ನ್ಯಾಯಾಲಯವೊಂದು 2018ರ ಜೂನ್‌ನಲ್ಲಿ, ಕೆಳಮನೆಯ 11 ಕ್ಷೇತ್ರಗಳಲ್ಲಿ ಕಪ್ಪು ಮತದಾರರನ್ನು ಜನಾಂಗದ ಆಧಾರದ ಮೇಲೆ ಒತ್ತೊತ್ತಾಗಿ ತುಂಬಲಾಗಿದೆ, ಇದು ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಿತು. ಒಂದು ಕ್ಷೇತ್ರಕ್ಕೆ ಅವರನ್ನು ತುಂಬಿದರೆ ಪಕ್ಕದ ಕ್ಷೇತ್ರಗಳು ಅಷ್ಟರ ಮಟ್ಟಿಗೆ ಬರಿದಾಗುತ್ತವೆ. ನಾವು ಚರ್ಚಿಸುತ್ತಿರುವ 94ನೆಯದು ಅಂಥ ಸೀಮೆಯ ಕ್ಷೇತ್ರ.

ಈ ಕ್ಷೇತ್ರ ಆಗ ಇದ್ದದ್ದು ನ್ಯೂಪೋರ್ಟ್ ನ್ಯೂಸ್ ಎಂಬ ಬಂದರು ನಗರದಲ್ಲಿ. ಅಮೆರಿಕದ ನೌಕಾದಳಕ್ಕೆ ಅಣುಶಕ್ತಿಚಾಲಿತ ವಿಮಾನವಾಹಕ ಹಡಗುಗಳನ್ನು ಕಟ್ಟಿಕೊಡುವ ಏಕೈಕ ಕಾರ್ಖಾನೆ ಈ ಊರಿನಲ್ಲಿದೆ. ಬೆಸುಗೆ ಹಾಕುವ ಕಾರ್ಮಿಕರು, ಸೈನ್ಯದ ಕುಟುಂಬಗಳು, ನಿವೃತ್ತರು, ಮಧ್ಯಮವರ್ಗದ ಬಡಾವಣೆಗಳು ಎಲ್ಲ ಸೇರಿದ ಮತದಾರರ ಸಮೂಹ ಅದು. ಹಾಲಿ ಶಾಸಕ ಡೇವಿಡ್ ಯಾನ್ಸಿ ರಿಪಬ್ಲಿಕನ್. ಎದುರಾಳಿ ಶೆಲ್ಲಿ ಸೈಮಂಡ್ಸ್, ಊರಿನ ಶಾಲಾ ಮಂಡಳಿಯ ಸದಸ್ಯೆ; 2015ರಲ್ಲಿ ಇದೇ ಯಾನ್ಸಿ ಎದುರು ನಿಂತು ಸೋತಿದ್ದವರು. ಲಿಬರ್ಟೇರಿಯನ್ ಪಕ್ಷದ ಮೂರನೆಯ ಅಭ್ಯರ್ಥಿಯೂ ಕಣದಲ್ಲಿದ್ದರು. ಅವರಿಗೆ ಬಿದ್ದದ್ದು ಕೆಲವು ನೂರು ಮತಗಳು, ಆದರೆ ಈ ಸ್ಪರ್ಧೆಯ ಲೆಕ್ಕಾಚಾರದಲ್ಲಿ ಕೆಲವು ನೂರು ಎಂಬುದು ಸಮುದ್ರ.

2017ರ ನವೆಂಬರ್ 7ರಂದು ಮತದಾನವಾಯಿತು. ಟ್ರಂಪ್ ಅಧ್ಯಕ್ಷರಾಗಿ ವರ್ಷ ತುಂಬುವ ಮುನ್ನವೇ ಬಂದ ಆ ಚುನಾವಣೆಯಲ್ಲಿ ಡೆಮಾಕ್ರಟರ ಅಲೆ ಎದ್ದಿತ್ತು. ಅವರ ಅಭ್ಯರ್ಥಿ ರಾಲ್ಫ್ ನಾರ್ತಮ್ ಸುಮಾರು ಶೇ 9ರ ಅಂತರದಿಂದ ಗವರ್ನರ್, ಎಂದರೆ ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥ, ಆದರು. ಕೆಳಮನೆಯಲ್ಲಿ ರಿಪಬ್ಲಿಕನ್ನರ 15 ಸ್ಥಾನಗಳು ಕೈತಪ್ಪಿದವು. ಅವುಗಳಲ್ಲಿ 11ನ್ನು ಗೆದ್ದವರು ಮಹಿಳೆಯರು. ಅಲ್ಲಿಗೆ ಡೆಮಾಕ್ರಟರಿಗೆ 49 ಸ್ಥಾನ. ಇನ್ನೊಂದು ಸಿಕ್ಕಿದರೆ ಸಭೆ 50–50, ಅಧಿಕಾರ ಹಂಚಿಕೊಳ್ಳಲೇಬೇಕಾದ ಸ್ಥಿತಿ. ಆ ಇನ್ನೊಂದು ಸ್ಥಾನ ನ್ಯೂಪೋರ್ಟ್ ನ್ಯೂಸ್‌ನದಾಗಬಹುದಿತ್ತು. ಅಲ್ಲಿ ಯಾನ್ಸಿ ಕೇವಲ 10 ಮತಗಳಿಂದ ಮುಂದಿದ್ದರು.

ಮರುಎಣಿಕೆ ನಡೆದದ್ದು ಡಿಸೆಂಬರ್ 19ರಂದು. ಇಲ್ಲಿ ಒಂದು ಸಣ್ಣ ಸಂಗತಿಯನ್ನು ಸೇರಿಸಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಎಂದರೆ ಮತದಾನಕ್ಕೆ ಎರಡು ತಿಂಗಳು ಮಾತ್ರ ಉಳಿದಿದ್ದಾಗ, ರಾಜ್ಯದ ಚುನಾವಣಾ ಮಂಡಳಿ ಭದ್ರತೆಯ ಕಾರಣಕ್ಕೆ ಕಾಗದದ ದಾಖಲೆಯಿಲ್ಲದ ಟಚ್‌ಸ್ಕ್ರೀನ್ ಯಂತ್ರಗಳ ಬಳಕೆಯನ್ನು ರಾಜ್ಯಾದ್ಯಂತ ನಿಲ್ಲಿಸಿತ್ತು. ಮತದಾರರು ಕಾಗದದ ಮೇಲೆ ಅಭ್ಯರ್ಥಿಯ ಹೆಸರಿನ ಪಕ್ಕದ ಅಂಡಾಕಾರದ ಗುರುತನ್ನು ಪೆನ್ನಿನಿಂದ ತುಂಬುವುದು, ಆ ಕಾಗದವನ್ನು ಯಂತ್ರ ಓದುವುದು, ಇದು ಅಲ್ಲಿ ಉಳಿದ ಪದ್ಧತಿ. ಕಾಗದ ಇದ್ದದ್ದರಿಂದಲೇ ಅದನ್ನು ಕೈಯಲ್ಲಿ ಹಿಡಿದು ಮತ್ತೆ ನೋಡಲು ಸಾಧ್ಯವಾಯಿತು. ಇಡೀ ದಿನದ ಮರುಎಣಿಕೆಯ ಕೊನೆಗೆ ಸೈಮಂಡ್ಸ್‌ಗೆ 11,608, ಯಾನ್ಸಿಗೆ 11,607. ಒಂದು ಮತದ ಗೆಲುವು! ಅಂದು ರಾತ್ರಿ ರಿಪಬ್ಲಿಕನ್ ನಾಯಕರೇ ಹೊಸ ಶಾಸಕಿಗೆ ಅಭಿನಂದನೆ ಹೇಳಿದರು.

ಮರುದಿನ ಬೆಳಗ್ಗೆ ಫಲಿತಾಂಶಕ್ಕೆ ಮುದ್ರೆ ಒತ್ತಲು ಮೂವರು ನ್ಯಾಯಾಧೀಶರ ಪೀಠ ಸೇರಿತು. ಅಷ್ಟರಲ್ಲಿ ರಿಪಬ್ಲಿಕನ್ ಪಕ್ಷದ ಪರವಾಗಿ ಎಣಿಕೆಯ ಮೇಜಿನಲ್ಲಿ ಕುಳಿತಿದ್ದ ಅಧಿಕಾರಿಯೊಬ್ಬರಿಂದ ಒಂದು ಪತ್ರ ಬಂದಿತ್ತು: ನಿನ್ನೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಬದಿಗಿಟ್ಟ ಒಂದು ಮತಪತ್ರದ ಬಗ್ಗೆ ತಮಗೀಗ ಅನುಮಾನ ಬಂದಿದೆ, ಅದನ್ನು ಮತ್ತೊಮ್ಮೆ ನೋಡಬೇಕು ಎಂದು. ಆ ಮತಪತ್ರದ ಚಿತ್ರ ಆನಂತರ ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಸೈಮಂಡ್ಸ್ ಹೆಸರಿನ ಗುರುತನ್ನೂ ಯಾನ್ಸಿ ಹೆಸರಿನ ಗುರುತನ್ನೂ ಮತದಾರ ಪೂರ್ತಿ ತುಂಬಿದ್ದಾನೆ. ಸೈಮಂಡ್ಸ್ ಅವರ ಗುರುತಿನ ಮೇಲೆ ಮಾತ್ರ ಓರೆಯಾಗಿ ಒಂದು ಗೀಟು ಎಳೆದಿದ್ದಾನೆ. ಬೇರೆ ಹುದ್ದೆಗಳಿಗೆ ಅವನು ಆರಿಸಿರುವುದು ರಿಪಬ್ಲಿಕನ್ನರನ್ನೇ. ಆದ್ದರಿಂದ ಗೀಟು ಎಂದರೆ ಹೊಡೆದುಹಾಕಿದ್ದು, ಮತ ಯಾನ್ಸಿಯದು, ಎನ್ನುವುದು ಒಂದು ಓದು. ಆದರೆ ಅದೇ ಕಾಗದದಲ್ಲಿ ಗವರ್ನರ್ ಹುದ್ದೆಯ ರಿಪಬ್ಲಿಕನ್ ಅಭ್ಯರ್ಥಿ ಎಡ್ ಗಿಲೆಸ್ಪಿ ಅವರ ಗುರುತನ್ನೂ ತುಂಬಿ, ಅದರ ಮೇಲೆಯೇ ಒಂದು ಅಡ್ಡಗೀಟಿನ ಗುರುತು ಹಾಕಿದ್ದಾನೆ. ಅಲ್ಲಿ ಗೀಟು ಹೊಡೆದುಹಾಕಿದ್ದಲ್ಲವಾದರೆ ಇಲ್ಲಿ ಹೇಗೆ ಹೊಡೆದುಹಾಕಿದ್ದಾಯಿತು? ಮೊದಲ ದಿನ ಎರಡೂ ಪಕ್ಷಗಳ ಕಡೆಯವರು ಒಪ್ಪಿ, ಇಬ್ಬರಿಗೆ ಮತ ಹಾಕಿದ ಕಾರಣ ಈ ಮತ ಯಾರಿಗೂ ಇಲ್ಲ ಎಂದು ತೀರ್ಮಾನಿಸಿದ್ದರು.

ಮತದಾರನ ಇಂಗಿತ ತಿಳಿಯುವಂತಿದ್ದರೆ ಮತವನ್ನು ಎಣಿಸಬೇಕು ಎನ್ನುವುದು ವರ್ಜೀನಿಯಾದ ನಿಯಮ. ಯಾವ ಬಗೆಯ ಗುರುತನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂದು ಚಿತ್ರಸಹಿತ ವಿವರಿಸುವ ಕೈಪಿಡಿಯೂ ಎಣಿಕೆಯವರ ಬಳಿ ಇರುತ್ತದೆ. ಕೈಪಿಡಿ ಎಷ್ಟೇ ದಪ್ಪವಾಗಿದ್ದರೂ ಅದರಲ್ಲಿಲ್ಲದ ಗೀಟು ಎಳೆಯುವ ಮತದಾರ ಒಬ್ಬ ಇದ್ದೇ ಇರುತ್ತಾನೆ. ಎಣಿಕೆ ಮುಗಿದ ಮೇಲೆ ತಕರಾರು ಎತ್ತುವಂತಿಲ್ಲ ಎಂದು ಡೆಮಾಕ್ರಟರ ವಕೀಲರು ವಾದಿಸಿದರು. ಪೀಠ ಆ ವಾದವನ್ನು ಒಪ್ಪದೆ ಮತವನ್ನು ಯಾನ್ಸಿಗೆ ಕೊಟ್ಟಿತು. 11,608–11,608. ಒಂದೊಂದು ಓದಿಗೂ ಸಮರ್ಥನೆಯಿದೆ ಎಂದು ನನಗೆ ಅನ್ನಿಸುತ್ತದೆ. ಪೀಠದ ತೀರ್ಮಾನವನ್ನು ದುರುದ್ದೇಶದ್ದು ಎನ್ನಲಾರೆ. ಆದರೆ ಎಣಿಕೆಯ ಮೇಜಿನಲ್ಲಿ ಇಬ್ಬರೂ ಒಪ್ಪಿ ಬದಿಗಿಟ್ಟದ್ದನ್ನು, ಫಲಿತಾಂಶ ಇಂಥದ್ದೇ ಎಂದು ಗೊತ್ತಾದ ಮೇಲೆ, ಸೋತ ಕಡೆಯವರ ಕೋರಿಕೆಯಂತೆ ಮತ್ತೆ ತೆರೆದದ್ದು ಸರಿಯಾದ ಕ್ರಮವಲ್ಲ. ಬೇರೆ ಸಾವಿರಾರು ಮತಪತ್ರಗಳಿಗೆ ಇಂಥ ಎರಡನೆಯ ಅವಕಾಶ ಸಿಕ್ಕಲಿಲ್ಲ.

ಆಮೇಲಿನದು ಬಟ್ಟಲಿನ ಪ್ರಸಂಗ. ಸೈಮಂಡ್ಸ್ ಮತ್ತೆ ನ್ಯಾಯಾಲಯದ ಮೊರೆ ಹೋದದ್ದರಿಂದ ಮುಂದಕ್ಕೆ ಹೋಗಿದ್ದ ಚೀಟಿ ಎತ್ತುವ ಕಾರ್ಯ 2018ರ ಜನವರಿ 4ರಂದು ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ, ಕ್ಯಾಮೆರಾಗಳ ಮುಂದೆ ನಡೆಯಿತು. ಇಬ್ಬರ ಹೆಸರುಗಳ ಚೀಟಿಗಳನ್ನು ಹಳೆಯ ಕ್ಯಾಮೆರಾ ಫಿಲಂ ರೋಲಿನ ಎರಡು ಡಬ್ಬಿಗಳಲ್ಲಿ ಹಾಕಿ, ಸ್ಥಳೀಯ ಕಲಾವಿದರೊಬ್ಬರು ಮಾಡಿದ ನೀಲಿ-ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಇಟ್ಟು ಕಲಸಿದರು. ಚುನಾವಣಾ ಮಂಡಳಿಯ ಅಧ್ಯಕ್ಷ ಜೇಮ್ಸ್ ಆಲ್ಕಾರ್ನ್ ಒಂದನ್ನು ತೆಗೆದು ಓದಿದರು: ಡೇವಿಡ್ ಯಾನ್ಸಿ. ಯಾನ್ಸಿ ಅಲ್ಲಿರಲಿಲ್ಲ, ಸೈಮಂಡ್ಸ್ ಕುಟುಂಬದೊಂದಿಗೆ ಬಂದು ಕುಳಿತಿದ್ದರು. ಇನ್ನೊಮ್ಮೆ ಮರುಎಣಿಕೆ ಕೇಳುವ ಹಕ್ಕು ಅವರಿಗಿತ್ತು. ಅದನ್ನು ಬಿಟ್ಟು, ಅಧಿವೇಶನ ಆರಂಭವಾದ ಜನವರಿ 10ರಂದು ಸೋಲು ಒಪ್ಪಿಕೊಂಡರು. ಸಭೆ 51–49 ಆಗಿ ನಿಂತಿತು, ಸ್ಪೀಕರ್ ಸ್ಥಾನ ರಿಪಬ್ಲಿಕನ್ ಪಕ್ಷದ ಕರ್ಕ್ ಕಾಕ್ಸ್ ಅವರಿಗೆ ಹೋಯಿತು.

ಇದನ್ನು ಕೇಳುವಾಗ ಇಲ್ಲಿರುವ ಹಲವರಿಗೆ ಸಂತೇಮರಹಳ್ಳಿ ನೆನಪಾಗಿರಬಹುದು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. ಮತಗಳು ಸಮವಾಗಿದ್ದರೆ ನಮ್ಮಲ್ಲೂ ಚೀಟಿಯೇ ಗತಿ. 1951ರ ಜನಪ್ರಾತಿನಿಧ್ಯ ಕಾಯ್ದೆಯ 65ನೆಯ ಸೆಕ್ಷನ್ ಹೇಳುವುದು ಅದನ್ನೇ, ಚೀಟಿ ಯಾರ ಹೆಸರಿಗೆ ಬರುತ್ತದೋ ಅವರಿಗೆ ಒಂದು ಮತ ಹೆಚ್ಚು ಬಿದ್ದಂತೆ ಎಂದು. ಆದ್ದರಿಂದ ಬಟ್ಟಲನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ವ್ಯತ್ಯಾಸವಿರುವುದು ಗೀಟಿನ ವಿಷಯದಲ್ಲಿ: ಮತಯಂತ್ರದ ಗುಂಡಿ ಒತ್ತುವ ನಮ್ಮ ಮತದಾರನಿಗೆ ಓರೆ ಗೀಟು ಎಳೆಯುವ ಸೌಕರ್ಯವಿಲ್ಲ, ಇಂಥ ಜಗಳ ಇಲ್ಲಿ ಅಂಚೆ ಮತಪತ್ರಗಳಿಗೆ ಸೀಮಿತ.

ಅದೇ ಚುನಾವಣೆಯಲ್ಲಿ 28ನೆಯ ಕ್ಷೇತ್ರದಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು, ಆದರೆ ಅದಕ್ಕೆ ಬಟ್ಟಲು ಇರಲಿಲ್ಲವಾದ್ದರಿಂದ ಹೊರಗಿನ ಸುದ್ದಿಯಾದದ್ದು ಕಡಿಮೆ. ಫ್ರೆಡೆರಿಕ್ಸ್‌ಬರ್ಗ್ ಸುತ್ತಿನ ಆ ಸೀಮೆಯಲ್ಲಿ ಗಡಿಗೆರೆ ಮತಗಟ್ಟೆಗಳ ನಡುವೆಯೇ ಹಾದುಹೋಗುತ್ತಿತ್ತು. ಒಂದೇ ಬೀದಿಯವರು ಬೇರೆ ಬೇರೆ ಕ್ಷೇತ್ರಕ್ಕೆ ಸೇರುತ್ತಿದ್ದರು. ಮತದಾರರ ಪಟ್ಟಿಯಲ್ಲಿ ವಿಳಾಸಗಳನ್ನು ತಪ್ಪು ಕ್ಷೇತ್ರಕ್ಕೆ ಸೇರಿಸಿದ್ದರಿಂದ 147 ಮಂದಿಗೆ ತಮ್ಮದಲ್ಲದ ಕ್ಷೇತ್ರದ ಮತಪತ್ರ ಸಿಕ್ಕಿತು. ಮರುಎಣಿಕೆಯ ನಂತರ ರಿಪಬ್ಲಿಕನ್ ಬಾಬ್ ಥಾಮಸ್ ಅವರು ಡೆಮಾಕ್ರಟ್ ಜೋಶುವಾ ಕೋಲ್ ಅವರನ್ನು ಸೋಲಿಸಿದ ಅಂತರ 73. ತಪ್ಪಾದ ಮತಗಳು ಅಂತರದ ಎರಡರಷ್ಟು ಇದ್ದರೂ ಮರುಚುನಾವಣೆಗೆ ಆದೇಶಿಸಲು ಫೆಡರಲ್ ನ್ಯಾಯಾಧೀಶರು ಒಪ್ಪಲಿಲ್ಲ. ಎಷ್ಟು ಬಾರಿ ಎಣಿಸಿದರೂ ಸರಿಹೋಗದ ತಪ್ಪು ಅದು, ಏಕೆಂದರೆ ಆ ಮತಗಳು ಪೆಟ್ಟಿಗೆ ಸೇರುವ ಮೊದಲೇ ದಾರಿ ತಪ್ಪಿದ್ದವು.

ಇನ್ನು, ಇಷ್ಟೆಲ್ಲ ಹೋರಾಟದಿಂದ ಆದದ್ದೇನು? ಬಹುಮತ ರಿಪಬ್ಲಿಕನ್ನರಲ್ಲೇ ಉಳಿಯಿತು, ಆದ್ದರಿಂದ ಏನೂ ಬದಲಾಗಲಿಲ್ಲ ಎನ್ನಬಹುದು. ಮೆಡಿಕೇಡ್ ಕಥೆ ಹಾಗೆ ಹೇಳುವುದಿಲ್ಲ. ಬಡವರಿಗೆ ಸರ್ಕಾರಿ ಆರೋಗ್ಯ ವಿಮೆ ಒದಗಿಸುವ ಆ ಯೋಜನೆಯನ್ನು ವಿಸ್ತರಿಸುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತ್ತು. ಹಿಂದಿನ ಗವರ್ನರ್ ಟೆರಿ ಮೆಕಾಲಿಫ್ ನಾಲ್ಕು ವರ್ಷವೂ ಪ್ರಯತ್ನಿಸಿದರು. 66 ಸದಸ್ಯಬಲದ ರಿಪಬ್ಲಿಕನ್ ಸಭೆ ಅದನ್ನು ಹತ್ತಿರಕ್ಕೂ ಸೇರಿಸಲಿಲ್ಲ. 51ಕ್ಕೆ ಇಳಿದ ಅದೇ ಪಕ್ಷದ ಸಭೆ 2018ರ ಮೇ 30ರಂದು ಅದನ್ನು 67–31 ಮತಗಳಿಂದ ಅಂಗೀಕರಿಸಿತು. ಡೆಮಾಕ್ರಟರು 49 ಮಂದಿಯೂ ಪರ ಹಾಕಿದ್ದರೆಂದು ಇಟ್ಟುಕೊಂಡರೂ ಕನಿಷ್ಠ 18 ರಿಪಬ್ಲಿಕನ್ನರು ಜೊತೆಗೂಡದೆ ಆ ಸಂಖ್ಯೆ ಬರುವುದಿಲ್ಲ. ಮೇಲ್ಮನೆಯಲ್ಲೂ ಅದು ದಾಟಿತು. ಜೂನ್‌ನಲ್ಲಿ ನಾರ್ತಮ್ ಸಹಿ ಹಾಕಿದರು, 2019ರ ಜನವರಿ 1ರಿಂದ ಜಾರಿಗೆ ಬಂತು, ಸುಮಾರು 4 ಲಕ್ಷ ಜನ ಅರ್ಹರಾದರು. ಚೀಟಿಯಲ್ಲಿ ಸೈಮಂಡ್ಸ್ ಹೆಸರು ಬಂದಿದ್ದರೂ ಈ ಮಸೂದೆಯ ಭವಿಷ್ಯ ಬಹುಶಃ ಹೀಗೆಯೇ ಇರುತ್ತಿತ್ತು. ತಮ್ಮ ಪಕ್ಕದ 15 ಕುರ್ಚಿಗಳು ಒಂದೇ ರಾತ್ರಿಯಲ್ಲಿ ಖಾಲಿಯಾದದ್ದನ್ನು ಕಂಡ ಶಾಸಕರು ಮುಂದಿನ ಚುನಾವಣೆಯನ್ನು ಲೆಕ್ಕ ಹಾಕಿ ಕೈ ಎತ್ತಿದರು.

2019ರ ಹೊತ್ತಿಗೆ ನ್ಯಾಯಾಲಯದ ಆದೇಶದಂತೆ ಕೆಳಮನೆಯ ಹಲವು ಕ್ಷೇತ್ರಗಳ ಗಡಿ ಬದಲಾಗಿತ್ತು. ಅದರ ವಿರುದ್ಧದ ಮೇಲ್ಮನವಿಯನ್ನು, ಮೇಲ್ಮನವಿ ಸಲ್ಲಿಸುವ ಅರ್ಹತೆ ಸಭೆಗಿಲ್ಲ ಎಂಬ ಕಾರಣ ಕೊಟ್ಟು ಸುಪ್ರೀಂ ಕೋರ್ಟ್ ಆ ಜೂನ್‌ನಲ್ಲಿ ತಳ್ಳಿಹಾಕಿತು. ನವೆಂಬರ್‌ನಲ್ಲಿ ಸೈಮಂಡ್ಸ್ ಮೂರನೆಯ ಬಾರಿ ಯಾನ್ಸಿ ಎದುರು ನಿಂತು, ಈ ಸಲ ಚೀಟಿಯ ಗೊಡವೆಯೇ ಇಲ್ಲದಷ್ಟು ಸ್ಪಷ್ಟ ಅಂತರದಿಂದ ಗೆದ್ದರು. 28ರಲ್ಲಿ ಕೋಲ್ ಅವರೂ ಗೆದ್ದರು. ಎರಡೂ ಮನೆಗಳು ಡೆಮಾಕ್ರಟರ ಪಾಲಾದವು. ಗಡಿ ಬರೆಯುವ ಕೆಲಸವನ್ನು ಶಾಸಕರ ಕೈಯಿಂದ ತೆಗೆದು, ಶಾಸಕರೂ ನಾಗರಿಕರೂ ಸೇರಿದ ಆಯೋಗಕ್ಕೆ ಒಪ್ಪಿಸುವ ಸಂವಿಧಾನ ತಿದ್ದುಪಡಿಗೆ 2020ರಲ್ಲಿ ರಾಜ್ಯದ ಮತದಾರರು ದೊಡ್ಡ ಬಹುಮತದಿಂದ ಒಪ್ಪಿಗೆ ಕೊಟ್ಟರು. 2021ರಲ್ಲಿ ಆ ಆಯೋಗ ಪಕ್ಷಗಳ ಹಗ್ಗಜಗ್ಗಾಟದಲ್ಲಿ ಸಿಕ್ಕಿ ಒಂದು ನಕ್ಷೆಯನ್ನೂ ಕೊಡಲಾರದೆ ಹೋಯಿತು. ರಾಜ್ಯದ ಸುಪ್ರೀಂ ಕೋರ್ಟ್ ಎರಡು ಪಕ್ಷಗಳು ಸೂಚಿಸಿದ ಒಬ್ಬೊಬ್ಬ ತಜ್ಞರಿಂದ ನಕ್ಷೆ ಬರೆಸಿ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಹಾಲಿ ಶಾಸಕರ ಮನೆ ಎಲ್ಲಿದೆ ಎಂಬುದನ್ನು ಲೆಕ್ಕಿಸದೆ ಎಳೆದ ಆ ಗಡಿಗಳೊಳಗೆ ಪ್ರತಿನಿಧಿಗಳ ಸಭೆಗೆ ಮೊದಲ ಚುನಾವಣೆ ನಡೆದದ್ದು 2023ರಲ್ಲಿ. ಫಲಿತಾಂಶ ಮತ್ತೆ 51–49 ಆಯಿತು. 51 ಈ ಬಾರಿ ಡೆಮಾಕ್ರಟರದು.