ಈ ಕಂಬ ಯಾರದು? ಬೆಳಗಾವಿಯ ಒಂದು ಗಲ್ಲಿ, ಹತ್ತು ಆಫೀಸು

ಈಗ ಸ್ಕ್ರೀನ್ ಮ್ಯಾಲ ಕಾಣಾಕತ್ತೈತಲ್ಲ, ಈ ಕಂಬ ನೋಡ್ರಿ. ಶಹಾಪುರದ ಒಂದು ಗಲ್ಲಿ ಮೂಲ್ಯಾಗ ನಿಂತೈತಿ. ಸ್ವಲ್ಪ ಬಾಗೈತಿ, ಆದ್ರ ಬೀಳೂ ಹಂಗೇನಿಲ್ಲ. ತುದಿಗೆ ಎಲ್‌ಇಡಿ ದೀಪ. ಅದರ ಕೆಳಗ ಕರೆಂಟಿನ ತಂತಿ. ತಂತಿ ಕೆಳಗ ಚಕ್ಕಲಿ ಸುತ್ತಿದಂಗ ಕರೀ ಕೇಬಲ್ಲು. ಅದರ ಕೆಳಗ ಯಾರದೋ ಹುಟ್ಟುಹಬ್ಬದ ಬ್ಯಾನರ್, ಅರ್ಧ ಕನ್ನಡ, ಅರ್ಧ ಮರಾಠಿ, ಹುಟ್ಟಿದವರು ಕೂಲಿಂಗ್ ಗ್ಲಾಸ್ ಹಾಕ್ಕೊಂಡಾರ. ಬಾಜೂಕಿನ ಬೇವಿನ ಗಿಡದ ಟೊಂಗಿ ದೀಪಕ್ಕ ಅಡ್ಡ ಬಂದೈತಿ. ಬುಡದಾಗ ಒಂದು ಕಸದ ಚೀಲ.

ಈ ದೀಪ ಒಂದು ದಿನ ಹತ್ತಲಿಲ್ಲ ಅಂದ್ರ ಯಾರಿಗೆ ಹೇಳ್ತೀರಿ ಅಂತ ಗಲ್ಲಿ ಮಂದಿನ್ನ ಕೇಳಿದೆ. ಕಿರಾಣಿ ಅಂಗಡಿ ಕಾಕಾ "ಕೆಇಬಿಯವ್ರಿಗೆ" ಅಂದ್ರು. ಕರೆಂಟ್ ಕೊಡೂ ಕಂಪನಿ ಹೆಸ್ಕಾಂ ಶುರುವಾಗಿ 2002ರಿಂದ ಇಷ್ಟು ವರ್ಷ ಆತು, ನಮ್ಮ ಮಂದಿ ಬಾಯಾಗ ಇನ್ನೂ ಹಳೇ ವಿದ್ಯುತ್ ಮಂಡಳಿ ಕೆಇಬಿನ. ಕಟ್ಟಿ ಮ್ಯಾಲ ಕುಂತ ಅಜ್ಜ "ಕಾರ್ಪೋರೇಷನ್" ಅಂದ. ಉಳಿದವರೆಲ್ಲಾ ಒಂದ ಉತ್ತರ: "ನಗರಸೇವಕರಿಗೆ ಒಂದು ಫೋನ್ ಹಚ್ಚೂದ್ರಿ." ನಗರಸೇವಕರಂದ್ರ ವಾರ್ಡಿನಿಂದ ಪಾಲಿಕೆಗೆ ಆರಿಸಿ ಹೋದವರು.

ಸಾಮಾನ್ಯವಾಗಿ ಹಂಚಿಕಿ ಹಿಂಗೈತಿ ನೋಡ್ರಿ. ಕಂಬ, ತಂತಿ ಹೆಸ್ಕಾಂದು. ದೀಪ ಮಹಾನಗರ ಪಾಲಿಕೆದು. ಆ ದೀಪ ಸುಡೋ ಕರೆಂಟಿನ ಬಿಲ್ಲನ್ನ ಪಾಲಿಕೆ ಹೆಸ್ಕಾಂಗೆ ಕಟ್ತೈತಿ. ಕೇಬಲ್ಲು ಖಾಸಗಿಯವರದು. ಟೊಂಗಿ ಕಡೀಬೇಕಂದ್ರ 1976ರ ಮರ ಸಂರಕ್ಷಣಾ ಕಾಯ್ದೆ ಐತಿ, ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿ ಒಪ್ಪಿಗಿ ಬೇಕು. ಬ್ಯಾನರ್ ತಗಿಸೂದು ಪಾಲಿಕೆ ಕೆಲಸ, ಅದಕ್ಕೂ 1981ರ ಒಂದು ಕಾಯ್ದೆ ಐತಿ, ತೆರೆದ ಜಾಗ ವಿರೂಪ ಮಾಡಬಾರದು ಅಂತ. ಬುಡದಾಗಿನ ಕಸ ಪಾಲಿಕೆದು. ಅದನ್ನ ಅಲ್ಲಿ ತಂದು ಇಟ್ಟವರು ಮಾತ್ರ ನಾವ.

ಅಂದ್ರ ಬರೇ ದೀಪ ಹತ್ತಿಲ್ಲಂದ್ರ ಪಾಲಿಕೆ, ಗಲ್ಲಿಗೆ ಗಲ್ಲೀನ ಕತ್ತಲಾದ್ರ ಹೆಸ್ಕಾಂನ 1912. ದೀಪದ ದೂರು ಕೊಡೂದಕ್ಕ ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್ ಐತಿ. ಕಂಬದ ಮ್ಯಾಲ ಬಣ್ಣದಾಗ ನಂಬರ್ ಬರದಿದ್ರ ಅದನ್ನ ಹೇಳ್ರಿ. "ನಮ್ಮ ಮನಿ ಮುಂದಿನ ಲೈಟ್" ಅಂದ್ರ ಲೈನ್‌ಮನ್ನಿಗೆ ಏನ್ ತಿಳೀಬೇಕು ಪಾಪ, ಊರಾಗ ಎಲ್ಲಾರ ಮನಿ ಮುಂದೂ ಲೈಟ್ ಅದಾವ.

ಈ ವಿಡಿಯೋ ಮಾಡೂದಕ್ಕ ಕಾರಣ ಇದ. ಬೆಳಗಾವಿ ಪಾಲಿಕೆಗೆ 58 ವಾರ್ಡು. 2021ರ ಸೆಪ್ಟೆಂಬರ್‌ದಾಗ ನಾವೆಲ್ಲಾ ಸಾಲಾಗಿ ನಿಂತು ಓಟ್ ಹಾಕಿದ್ವಿ. ಆದ್ರ ನಾವು ಆರಿಸಿದ ಆ ಸಭೆಯ ಕೈಯಾಗ ಖರೇ ಏನೇನು ಐತಿ, ಏನೇನು ಇಲ್ಲ? ಇದನ್ನ ಲೆಕ್ಕ ಹಾಕ್ಕೊಂತ ಹೋದಂಗ ನನಗ ಮಜಾ ಬಂತು, ಸ್ವಲ್ಪ ಸಿಟ್ಟೂ ಬಂತು.

ನೀರಿಂದ ಶುರು ಮಾಡೂಣು. ಬೆಳಗಾವಿಗೆ ನೀರು ಎರಡು ಕಡೆಯಿಂದ ಬರ್ತೈತಿ. ಒಂದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ, ಇನ್ನೊಂದು ಘಟಪ್ರಭೆಯ ಹಿಡಕಲ್ ಡ್ಯಾಮು, 51 ಟಿಎಂಸಿದು. ಜುಲೈದಾಗ ರಕ್ಕಸಕೊಪ್ಪ ತುಂಬಿತು ಅಂತ ಪೇಪರ್‌ನ್ಯಾಗ ಫೋಟೋ ಬಂತಂದ್ರ ಊರಿಗೆ ಊರ ಉಸಿರು ಬಿಡ್ತೈತಿ. ವಿಶ್ವಬ್ಯಾಂಕ್ ಸಾಲದಾಗ 24 ತಾಸು ನೀರಿನ ಪ್ರಯೋಗ ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೋಡಿ ನಮ್ಮೂರಿನ ಕೆಲವು ವಾರ್ಡಿಗೂ 2008ರ ಸುಮಾರಿಗೆ ಬಂತು. ಆಮ್ಯಾಲ ಇಡೀ ಊರಿಗೆ ಹಬ್ಬಿಸೂ ಯೋಜನೆ. ಅದನ್ನ ನಡಸೋದು ರಾಜ್ಯದ ನಗರ ಮೂಲಸೌಕರ್ಯ ನಿಗಮ, ಕೆಲಸ ಮಾಡೂದು ಗುತ್ತಿಗೆ ಕಂಪನಿ. ಪೈಪ್ ಹಾಕಾಕ ರಸ್ತೆ ಅಗದ್ರ ಬೈಸಿಕೊಳ್ಳೂದು ಮಾತ್ರ ನಗರಸೇವಕ. ಮನ್ನೆ ಒಬ್ಬರು ಹೇಳಿದ್ರು, "ನನ್ನ ಕಡೆ ನೀರಿನ ಕೀಲಿ ಇಲ್ಲೋ ತಮ್ಮಾ, ನೀರಿನ ಬೈಗುಳ ಅಷ್ಟ ಐತಿ."

ಬಸ್ಸು ವಾಯವ್ಯ ಸಾರಿಗೆದು. ಮೂರನೇ ರೈಲ್ವೆ ಗೇಟ್ ರೈಲ್ವೆದು. ಹೊಸಾ ಬಡಾವಣೆ ನಕಾಶೆ ನಗರಾಭಿವೃದ್ಧಿ ಪ್ರಾಧಿಕಾರ ಬುಡಾದು. ಪುಣೆ-ಬೆಂಗಳೂರು ಹೆದ್ದಾರಿ ಕೇಂದ್ರದ್ದು. ಸ್ಮಾರ್ಟ್ ಸಿಟಿ ಅಂತೂ ಒಂದು ಕಂಪನಿ. 2016ರ ಜನವರಿದಾಗ ದೇಶದ ಮೊದಲ 20 ಊರಿನ ಪಟ್ಟಿಯೊಳಗ ಬೆಳಗಾವಿ ಹೆಸರು ಬಂದಾಗ ಪೇಡೆ ಹಂಚಿದವರದಾರ. ರಾಜ್ಯ ಸರ್ಕಾರ ಅರ್ಧ, ಪಾಲಿಕೆ ಅರ್ಧ ಪಾಲಿನ ಕಂಪನಿ ಅದು. 2025ರ ಮಾರ್ಚ್ 31ಕ್ಕ ಮಿಷನ್ ಮುಗೀತು. ಫುಟ್‌ಪಾತು, ಪಾರ್ಕು, ಲೈಟು ಎಲ್ಲಾ ಕಟ್ಟಿದವರು ಹೋದ್ರು. ಉಸ್ತುವಾರಿ ಯಾರಿಗೆ ಬಂತು ಅಂತ ಹೇಳೂದು ಬ್ಯಾಡಲ್ರಿ.

ಇನ್ನ ಕ್ಯಾಂಪ್. ಬೆಳಗಾವಿ ನಕಾಶೆಯ ನಟ್ಟನಡುವ ಕಂಟೋನ್ಮೆಂಟ್ ಐತಿ. ರಕ್ಷಣಾ ಸಚಿವಾಲಯದ ಕೆಳಗ ಬರೂ ಬ್ಯಾರೆ ಬೋರ್ಡು, ಬ್ಯಾರೆ ತೆರಿಗಿ, ಬ್ಯಾರೆ ಕಸದ ಗಾಡಿ. ಅಲ್ಲಿ ಇರೋ ಗೆಳೆಯ ದಿನಾ ಊರಾಗ ಬಂದು ಚಹಾ ಕುಡೀತಾನ, ಪಾಲಿಕೆ ಎಲೆಕ್ಷನ್‌ದಾಗ ಅವಗ ಓಟಿಲ್ಲ. ಕಂಟೋನ್ಮೆಂಟಿನ ನಾಗರಿಕ ವಸತಿ ಪ್ರದೇಶ ಪಾಲಿಕೆಗೆ ಸೇರಿಸೂ ಮಾತು 2023ರಿಂದ ಜೋರಾಗೈತಿ. ಕ್ಯಾಂಪಿಂದು ಒಂದು ಬ್ಯಾರೆ ವಿಡಿಯೋನ ಆಕ್ಕೈತಿ, ಇಲ್ಲಿಗೆ ಬಿಡ್ತೀನಿ.

ಹಂಗಾದ್ರ ಪಾಲಿಕೆ ಕೈಯಾಗ ಉಳಿದದ್ದೇನು? ಮುಂಜಾನೆ ಆರರ ಹೊತ್ತಿಗೆ ಗಲ್ಲಿಗೆ ಬರ್ರಿ, ಕಾಣ್ತೈತಿ.

ಈ ದೃಶ್ಯ ನಾನು ಖಡೇಬಜಾರ್ ಕಡೆ ತಗದದ್ದು. ಅಂಗಡಿ ಶಟರ್ ಇನ್ನೂ ಮುಚ್ಚ್ಯಾವ. ಇಬ್ಬರು ಪೌರಕಾರ್ಮಿಕ ಅಕ್ಕಾರು, ಸೀರಿ ಮ್ಯಾಲ ಕಿತ್ತಳಿ ಜಾಕೀಟು. ಉದ್ದ ಕಸಬರಗಿ ಹಿಡದವರು ರಸ್ತೆದ ಒಂದ ಮಗ್ಗಲಕ್ಕ ಎಳೀತಾರ, ಗಟಾರದ ಕಡೆ ತಳ್ಳಂಗಿಲ್ಲ. ಯಾಕಂತ ಕೇಳಿದ್ದಕ್ಕ ಅಕ್ಕ ನಕ್ಕಳು. "ಗಟಾರಕ್ಕ ತಳ್ಳಿದ್ರ ಮಳಿಗಾಲದಾಗ ನಾವ ಇಳದು ತಗೀಬೇಕಲ್ರಿ." ಬೆಳಗಾವಿ ಮಳಿ ಗೊತ್ತಲ್ಲ, ಜೂನ್‌ನ್ಯಾಗ ಕುಂತಿತಂದ್ರ ಸೆಪ್ಟೆಂಬರ್ ತನಕ ಏಳಂಗಿಲ್ಲ. ಗಟಾರು ಕಟ್ಟಿದ್ರ ನೀರು ಊರಿನ ಮಳಿನೀರು ಹೊತ್ತೊಯ್ಯೂ ಬಳ್ಳಾರಿ ನಾಲಾ ತನಕ ಹೋಗೂದಿಲ್ಲ, ಮನಿಯೊಳಗ ಬರ್ತೈತಿ. ಆಕೀ ಒಂದು ಮಾತಿನಾಗ ಊರಿನ ಒಳಚರಂಡಿ ಎಂಜಿನಿಯರಿಂಗ್ ಅರ್ಧ ಐತಿ.

ಅದರ ಹಿಂದಿಂದ ಕಚರಾ ಗಾಡಿ. ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಕೊಡಬೇಕಂತ ನಿಯಮ ಐತಿ. ನಮ್ಮ ಗಲ್ಲ್ಯಾಗ ಅರ್ಧ ಮಂದಿ ಬ್ಯಾರೆ ಮಾಡ್ತಾರ, ಅರ್ಧ ಮಂದಿ ಗಾಡಿ ಹೋದ ಮ್ಯಾಲ ಚೀಲ ತಂದು ಕಂಬದ ಬುಡಕ ಇಡ್ತಾರ. ಒಟ್ಟು ಆದ ಕಸ ತುರಮುರಿ ಘಟಕಕ್ಕ ಹೋಗ್ತೈತಿ. ಅಲ್ಲಿಂದ ಬರೋ ವಾಸನಿ ಬಗ್ಗೆ ಆ ಊರಿನವರನ್ನ ಕೇಳ್ರಿ, ನಮಗ ಹೇಳೂ ಹಕ್ಕಿಲ್ಲ.

ಈಗ ರೊಕ್ಕದ ವಿಷಯ. ಮನಿಪಟ್ಟಿ, ಅಂದ್ರ ಆಸ್ತಿ ತೆರಿಗಿ. ನಾವ ಲೆಕ್ಕ ಹಾಕಿ ನಾವ ಕಟ್ಟೂದು, ಸ್ವಯಂ ಘೋಷಣೆ. ಲೆಕ್ಕ ನಿಂತಿರೋದು ಸಬ್‌ರಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರದ ಮ್ಯಾಲ, ಮನಿ ಎಷ್ಟು ಹಳೇದು, ಬಾಡಿಗಿ ಕೊಟ್ಟೀರೋ ಇಲ್ಲೋ, ಅದರ ಮ್ಯಾಲ ಹೆಚ್ಚುಕಡಿಮಿ. ಏಪ್ರಿಲ್ ತಿಂಗಳಾಗ ಕಟ್ಟಿದ್ರ 5 ಪರ್ಸೆಂಟ್ ಬಿಡ್ತಾರ. ಅದಕ್ಕ ಏಪ್ರಿಲ್ ಕೊನೀ ವಾರ ಬೆಳಗಾವಿ ಒನ್ ಕೇಂದ್ರಗಳ ಮುಂದ ರಿಟೈರ್ ಆದ ಮೇಷ್ಟ್ರುಗಳ ಸಂಘದ ವಾರ್ಷಿಕ ಸಭೆ ನಡದಂಗ ಇರ್ತೈತಿ. ಎಲ್ಲಾರ ಕೈಯಾಗೂ ಹೋದ ವರ್ಷದ ಪಾವತಿಯ ಝೆರಾಕ್ಸು.

ಆ ಪಾವತಿ ಒಮ್ಮೆ ಕೂತು ಓದ್ರಿ. ತೆರಿಗಿ ಮ್ಯಾಲ ಸೆಸ್ಸು ಅದಾವ. ಗ್ರಂಥಾಲಯದ್ದು 6 ಪರ್ಸೆಂಟ್, ಭಿಕ್ಷುಕರ ಪುನರ್ವಸತಿದು 3 ಪರ್ಸೆಂಟ್, ಆರೋಗ್ಯದ್ದು ಬ್ಯಾರೆ. ಇವು ಪಾಲಿಕೆಯ ಸ್ವಂತ ರೊಕ್ಕ ಅಲ್ಲ, ವಸೂಲಿ ಮಾಡಿ ಆಯಾ ಇಲಾಖೆಗೆ ಮುಟ್ಟಸಬೇಕು. ಗ್ರಂಥಾಲಯದಾಗ ಪೇಪರ್ ಓದಾಕ ಹೋದವರು ಅಲ್ಲಿ ಫ್ಯಾನ್ ತಿರುಗೂದು ಯಾರ ರೊಕ್ಕದಾಗ ಅಂತ ಕೇಳಿದ್ರ, ಒಂದಿಷ್ಟು ನಿಮ್ಮದ ಐತ್ರಿ.

ಮನಿಪಟ್ಟಿ ಕಟ್ಟಿದ ಕೂಡಲೆ ಮನಿ ಕಾಗದ ಸರಿ ಐತಿ ಅಂತ ತಿಳ್ಕೋಬ್ಯಾಡ್ರಿ. ನಮ್ಮ ಹಳೇ ಗಲ್ಲಿಗಳ ಮನಿಗೆ ಎರಡು ಜಾತಕ. ಒಂದು ಸಿಟಿಎಸ್ ಉತಾರ, ಅಂದ್ರ ಜಾಗದ ದಾಖಲೆ, ಅದು ನಗರ ಮಾಪನ ಆಫೀಸಿಂದು, ಭೂದಾಖಲೆ ಇಲಾಖೆಗೆ ಸೇರಿದ್ದು. ಇನ್ನೊಂದು ಪಾಲಿಕೆ ಖಾತೆ, ಈಗ ಇ-ಆಸ್ತಿ. ಅಜ್ಜನ ಹೆಸರು ಒಂದರಾಗ ತಗದು ಅಪ್ಪನ ಹೆಸರು ಏರಿಸಿರ್ತಾರ, ಇನ್ನೊಂದರಾಗ ಅಜ್ಜ ಹಂಗ ಕುಂತಿರ್ತಾನ. ಬ್ಯಾಂಕಿಗೆ ಸಾಲಕ್ಕ ಹೋದ ದಿನ ಅಜ್ಜ ಎದ್ದು ಬರ್ತಾನ. 2025ರಾಗ ರಾಜ್ಯ ಸರ್ಕಾರ ಅನಧಿಕೃತ ಬಡಾವಣೆ ಆಸ್ತಿಗಳಿಗೂ ಒಂದ ಸಲಕ್ಕ ಅಂತ ಬಿ-ಖಾತಾ ಕೊಡೂ ಅಭಿಯಾನ ಮಾಡ್ತು. ಬಿ-ಖಾತಾ ಬಂತಂದ್ರ ಬಡಾವಣೆ ಸಕ್ರಮ ಆತು ಅಂತಲ್ಲ, ತೆರಿಗಿ ಪುಸ್ತಕದಾಗ ಮನಿ ದಾಖಲಾತು ಅಷ್ಟ. ಇದನ್ನ ಏಜೆಂಟರು ಹೇಳೂದಿಲ್ಲ.

ಜನನ-ಮರಣ ವಿಭಾಗ. ಈ ಕೌಂಟರ್ ನನಗ ಭಾಳ ಹಿಡಿಸ್ತು. ಒಂದ ಸಾಲಿನಾಗ ಪೇಡೆ ಡಬ್ಬಿ ಹಿಡದ ಅಪ್ಪ, ಅವನ ಹಿಂದ ತಲಿ ಬೋಳಿಸಿಕೊಂಡ ಮಗ. ಕ್ಲಾರ್ಕ್ ಇಬ್ಬರಿಗೂ ಒಂದ ಪ್ರಶ್ನೆ ಕೇಳ್ತಾರ, "ಹೆಸರಿನ ಸ್ಪೆಲ್ಲಿಂಗ್ ಸರಿ ಐತೇನು ನೋಡ್ರಿ." ಆಸ್ಪತ್ರೆದಾಗ ಹುಟ್ಟಿದ್ರ ಆಸ್ಪತ್ರೆಯವರ ವರದಿ ಮಾಡ್ತಾರ. ಮನ್ಯಾಗ ಆದ್ರ 21 ದಿನದೊಳಗ ನೀವ ಹೋಗಿ ನೋಂದಾಯಿಸಬೇಕು. 30 ದಿನದ ತನಕ ಸಣ್ಣ ದಂಡ. ಒಂದು ವರ್ಷ ದಾಟಿದ್ರ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅದು ದೊಡ್ಡ ತಿರುಗಾಟ. ಕೂಸಿಗೆ ಹೆಸರಿಟ್ಟಿಲ್ಲಂದ್ರ ಚಿಂತಿ ಇಲ್ಲ, ಹೆಸರಿಲ್ಲದ ನೋಂದಣಿ ಆಕ್ಕೈತಿ, ಒಂದು ವರ್ಷದೊಳಗ ಪುಕ್ಕಟೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲಿ, ಲೈಸೆನ್ಸು, ಓಟರ್ ಪಟ್ಟಿ ಎಲ್ಲಾದಕ್ಕೂ ಜನ್ಮದಿನದ ಪುರಾವೆ ಅಂದ್ರ ಈ ಒಂದ ಹಾಳಿ.

ಅರ್ಜಿ ಕೊಟ್ಟು ಬರೂವಾಗ ಸಕಾಲ ನಂಬರ್ ಇಸ್ಕೋರಿ, 15 ಅಂಕಿದು. ಸಕಾಲ ಅಂದ್ರ ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಬೇಕನ್ನೂ ಕಾಯ್ದೆ. ಆ ಕಾಯ್ದೆದಾಗ ಬರೂ ಸೇವೆಗೆಲ್ಲಾ ಇಷ್ಟ ದಿನ ಅಂತ ಗಡುವು ಐತಿ. ತಡಾ ಆದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500, ಅರ್ಜಿದಾರರಿಗೆ ಕೊಡಬೇಕು. ಇಪ್ಪತ್ತು ರೂಪಾಯಿಗೆ ಯಾರೂ ಹೆದರೂದಿಲ್ಲ ಖರೆ, ಆದ್ರ ತಡಾ ಆದದ್ದು ಕಂಪ್ಯೂಟರಿನ್ಯಾಗ ಕೆಂಪಾಗಿ ಕುಂತ್ರ ಹೆದರ್ತಾರ. "ನಾಳೆ ಬರ್ರಿ" ಅನ್ನೂ ಬಾಯಿಗೆ ನಂಬರ್ ತೋರಿಸಿದ್ರ ಬಾಯಿ ಸ್ವಲ್ಪ ಮೆತ್ತಗಾಕ್ಕೈತಿ.

ಕೊನೀಗೆ ಸುಭಾಷ್ ನಗರದ ಪಾಲಿಕೆ ಕಟ್ಟಡ, ಸಾಮಾನ್ಯ ಸಭೆ. ಟಿವಿಯೊಳಗ ಬೆಳಗಾವಿ ಪಾಲಿಕೆ ಅಂದ್ರ ಭಾಷೆ ಜಗಳ, ಧ್ವಜ, ಘೋಷಣೆ ಅಷ್ಟ ತೋರಸ್ತಾರ. 2021ರಾಗ ಮೊದಲ ಸಲ ಪಕ್ಷದ ಚಿಹ್ನೆ ಮ್ಯಾಲ ಎಲೆಕ್ಷನ್ ಆತು, ಬಿಜೆಪಿ 35, ಕಾಂಗ್ರೆಸ್ 10. ಆರಿಸಿ ಬಂದವರು ಮೇಯರ್ ಆಯ್ಕೆಗೆ 2023ರ ಫೆಬ್ರುವರಿ ತನಕ ಕಾದ್ರು. ಅಲ್ಲಿ ತನಕ 58 ಮಂದಿ ಗೆದ್ದೂ ಮನ್ಯಾಗ ಇದ್ದರು, ಊರು ಅಧಿಕಾರಿಗಳ ಕೈಯಾಗ ಇತ್ತು. ಕಸದ ಗಾಡಿ ಬರೂದು ಬಂತು, ದೀಪ ಹತ್ತೂದು ಹತ್ತಿದ್ವು. ಇದು ನನಗ ಕುತೂಹಲ. ಸಭೆ ಇಲ್ಲದನ ಊರು ನಡೀತೈತಿ ಅಂದ್ರ ಸಭೆ ಯಾತಕ್ಕ?

ಉತ್ತರ ಸಭಾಂಗಣದಾಗ ಅಷ್ಟು ಸಿಗೂದಿಲ್ಲ, ಬಾಜೂಕಿನ ಸಣ್ಣ ಖೋಲಿಗಳಾಗ ಸಿಗ್ತೈತಿ. ಕಾಯ್ದೆ ಪ್ರಕಾರ ನಾಲ್ಕು ಸ್ಥಾಯಿ ಸಮಿತಿ: ತೆರಿಗಿ-ಹಣಕಾಸು, ಆರೋಗ್ಯ-ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಒಂದೊಂದರಾಗ 7 ಮಂದಿ. ಬಜೆಟ್ ಮಂಡಿಸೂದು ಮೇಯರ್ ಅಲ್ಲ, ತೆರಿಗಿ ಸಮಿತಿ ಅಧ್ಯಕ್ಷರು. ಮೇಯರ್ ಅವಧಿ ಒಂದ ವರ್ಷ, ಅದೂ ಮೀಸಲಾತಿ ಸರದಿ ಮ್ಯಾಲ. ಎಲ್ಲಿ ಏನೈತಿ ಅಂತ ತಿಳಿಯೂದರಾಗ ಗೌನು ಬಿಚ್ಚೂ ಹೊತ್ತು ಬರ್ತೈತಿ. ಆಯುಕ್ತರು ಸರ್ಕಾರದಿಂದ ಬರ್ತಾರ, ಕಡತಕ್ಕ ಸಹಿ ಅವರದು. ಸಭೆಗೆ ಇರೋ ದೊಡ್ಡ ಅಧಿಕಾರ ಅಂದ್ರ ಕೇಳೂ ಅಧಿಕಾರ. ಒಳಗ ಕನ್ನಡ, ಮರಾಠಿ, ಉರ್ದು, ಹಿಂದಿ ನಾಲ್ಕೂ ಕೇಳ್ತಾವು, ಗಟಾರದ ಮಾತು ಬಂದಾಗ ನಾಲ್ಕೂ ಒಂದ ಧ್ವನಿಯೊಳಗ ಇರ್ತಾವು. ಲೆಕ್ಕಪತ್ರ ಸಮಿತಿ ಬಗ್ಗೆ ಯಾರೂ ರೀಲ್ಸ್ ಮಾಡೂದಿಲ್ಲ. ನನಗ ಕೇಳಿದ್ರ, ನಾಲ್ಕರಾಗ ಅದನ್ನ ಮೊದಲು ನೋಡಬೇಕು.

ಇನ್ನೊಂದು ಖುರ್ಚಿ ಐತಿ, ಅದು ನಮ್ಮದು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರೋ ಊರಿಗೆ ವಾರ್ಡ್ ಸಮಿತಿ ಇರಬೇಕಂತ ಸಂವಿಧಾನದ 74ನೇ ತಿದ್ದುಪಡಿ ಹೇಳ್ತೈತಿ, 1993ರಿಂದ ಜಾರಿ. ನಮ್ಮೂರು 2011ರ ಜನಗಣತಿಗೇನ 4.88 ಲಕ್ಷ. ಗಲ್ಲ್ಯಾಗ ಹತ್ತು ಮಂದಿನ್ನ ಕೇಳ್ರಿ, ನಗರಸೇವಕರ ಗಾಡಿ ನಂಬರ್ ಹೇಳ್ತಾರ, ವಾರ್ಡ್ ಸಮಿತಿ ಅಂದ್ರ "ಅದ್ಯಾವುದ್ರಿ?" ಅಂತಾರ. ನಿಮ್ಮ ವಾರ್ಡಿನ ಸಮಿತಿಯೊಳಗ ಯಾರದಾರ, ಅದು ಯಾವಾಗ ಕುಂತಿತ್ತು, ನಡಾವಳಿ ಎಲ್ಲಿ ಐತಿ ಅಂತ ಒಂದು ಅರ್ಜಿ ಬರೀರಿ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ. ನಂದು ನಾನು ಬರದು ಇಟ್ಟೀನಿ, ಸೋಮವಾರ ಸುಭಾಷ್ ನಗರಕ್ಕ ಹೋಗಿ ಕೊಡೂದು, ಅರ್ಜಿ ಮುಟ್ಟಿತು ಅನ್ನೂ ಆವಕ ಶಿಕ್ಕಾ ಹಾಕಿಸ್ಕೊಂಡು ಬರೂದು.