ಹಳೆಯ ಫ್ರಿಜ್ ಯಾರ ಹೊಣೆ? ಇ-ತ್ಯಾಜ್ಯ ನಿಯಮಗಳ ಕುರಿತು ಒಂದು ಉಪನ್ಯಾಸ

ಮಾನ್ಯ ಸಭಿಕರೇ,

ವಸ್ತುವನ್ನು ತಯಾರಿಸಿ ಮಾರಿದವರೇ, ಅದು ಕೆಟ್ಟು ಕಸವಾದ ಮೇಲೆ ಮರಳಿ ಸಂಗ್ರಹಿಸಿ ಸಂಸ್ಕರಿಸುವ ಖರ್ಚನ್ನೂ ಹೊರಬೇಕೆಂಬ ತತ್ತ್ವಕ್ಕೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂದು ಹೆಸರು. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಇದನ್ನು ಮಂಡಿಸಿದರು. ಮರುವರ್ಷವೇ ಜರ್ಮನಿಯು ಪ್ಯಾಕೇಜಿಂಗ್ ಕಸದ ಮಟ್ಟಿಗೆ ಅದನ್ನು ಕಾನೂನಾಗಿಸಿತು. ಕಸದ ಖರ್ಚು ನಗರಸಭೆಯ ತಲೆಗೆ ಬೀಳುತ್ತಿರುವಷ್ಟು ಕಾಲ, ಸುಲಭವಾಗಿ ಬಿಚ್ಚಲು ಬರುವ, ರಿಪೇರಿಗೆ ಒದಗುವ ವಸ್ತುವನ್ನು ರೂಪಿಸಬೇಕೆಂದು ಕಂಪನಿಗೆ ಅನ್ನಿಸಲು ಕಾರಣವೇ ಇರುವುದಿಲ್ಲ ಎಂಬುದು ಅದರ ಹಿಂದಿನ ತರ್ಕ.

ನಮ್ಮ ದೇಶದಲ್ಲಿ ಇ-ತ್ಯಾಜ್ಯದ ಮೊದಲ ನಿಯಮಗಳು 2012ರ ಮೇ 1ರಂದು ಜಾರಿಗೆ ಬಂದವು. 2016ರ ನಿಯಮಗಳು ಉತ್ಪಾದಕರಿಗೆ ಸಂಗ್ರಹದ ಗುರಿಯನ್ನು ನಿಗದಿಪಡಿಸಿದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳು ಇಡೀ ವ್ಯವಸ್ಥೆಯನ್ನೇ ಬದಲಿಸಿದವು. 21 ಬಗೆಯ ಉಪಕರಣಗಳಿದ್ದ ಪಟ್ಟಿ 106ಕ್ಕೆ ಏರಿತು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಫ್ರಿಜ್ಜಿನ ಸರಾಸರಿ ಆಯುಷ್ಯ ಹತ್ತು ವರ್ಷವೆಂದು ಹಿಡಿದರೆ, ಕಂಪನಿಯು ಹತ್ತು ವರ್ಷಗಳ ಹಿಂದೆ ಮಾರಿದ ಫ್ರಿಜ್ಜುಗಳ ತೂಕದಲ್ಲಿ ಇಂತಿಷ್ಟು ಪಾಲು ಈ ವರ್ಷ ಮರುಬಳಕೆಯಾಗಿರಬೇಕು. ಮೊದಲೆರಡು ವರ್ಷ ಶೇ. 60 ಇದ್ದ ಈ ಪಾಲು 2025-26ರಿಂದ ಶೇ. 70, 2027-28ರಿಂದ ಶೇ. 80.

ಆದರೆ ಆ ಗುರಿಯನ್ನು ಮುಟ್ಟಿದ್ದಕ್ಕೆ ಸಾಕ್ಷಿ ಏನು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿತ ಮರುಬಳಕೆ ಘಟಕದಿಂದ ಕೊಂಡ ಪ್ರಮಾಣಪತ್ರ. ನನ್ನ ತಕರಾರು ಇರುವುದು ಇಲ್ಲಿಯೇ. ಸಂಗ್ರಹ ಕೇಂದ್ರಗಳು, ಉಪಕರಣಗಳನ್ನು ಬಿಚ್ಚಿ ಬೇರ್ಪಡಿಸುವವರು, ಉತ್ಪಾದಕರ ಪರವಾಗಿ ಸಂಗ್ರಹಿಸುತ್ತಿದ್ದ ಸಂಸ್ಥೆಗಳು ನೋಂದಣಿಯ ವರ್ಗಗಳಲ್ಲಿ ಈಗ ಇಲ್ಲ. ಕಸ ನಮ್ಮ ಮನೆಯಿಂದ ಆ ಘಟಕದವರೆಗೆ ಹೇಗೆ ಹೋಯಿತೆಂಬ ಪ್ರಶ್ನೆ ಹಿಂದೆ ಸರಿಯಿತು.

ಅದು ಹೋಗುವ ಬಗೆ ನಮಗೆಲ್ಲರಿಗೂ ಗೊತ್ತು. ಕೆಟ್ಟ ಮಿಕ್ಸಿಯನ್ನು ಗುಜರಿಯವನು ತೂಗಿ ಒಯ್ಯುತ್ತಾನೆ. ಗುಜರಿ ಅಂಗಡಿಯ ಹಿಂದೆ ಸುತ್ತಿಗೆ, ಉಳಿ ಹಿಡಿದು ಕುಳಿತವರು ಮೋಟಾರನ್ನು ಒಡೆದು ತಾಮ್ರದ ಸುರುಳಿಯನ್ನು ಎಳೆದು ತೆಗೆಯುತ್ತಾರೆ; ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಸುಲಿಯುವುದಕ್ಕಿಂತ ಸುಡುವುದು ಬೇಗ, ಹಾಗಾಗಿ ಸುಡುತ್ತಾರೆ. ಸರ್ಕ್ಯೂಟ್ ಬೋರ್ಡುಗಳು ಆಸಿಡ್ ಇಟ್ಟುಕೊಂಡವರ ಕೈ ಸೇರುತ್ತವೆ. ಆ ಹೊಗೆ ಕುಡಿಯುವವರ ಹೆಸರು ಯಾವ ಪೋರ್ಟಲ್‌ನಲ್ಲಿಯೂ ಇಲ್ಲ. ಪ್ರಮಾಣಪತ್ರದ ಲೆಕ್ಕವೂ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಮೇಲೆ ನಿಂತಿದೆ. ಫ್ರಿಜ್ಜಿನೊಳಗಿನ ಅನಿಲವನ್ನು ಜೋಪಾನವಾಗಿ ಹೊರತೆಗೆದವನಿಗೆ ಆ ಲೆಕ್ಕದಲ್ಲಿ ಹೆಚ್ಚಿನದೇನೂ ಸಿಗುವುದಿಲ್ಲ.

ಕಾಗದದ ಮೇಲಿನ ಹೊಣೆ ಎಷ್ಟು ದುರ್ಬಲ ಎಂಬುದನ್ನು, ಇಂಥದ್ದೇ ಪ್ರಮಾಣಪತ್ರಗಳ ಪದ್ಧತಿಯಿರುವ ಪ್ಲಾಸ್ಟಿಕ್ ಕ್ಷೇತ್ರ ಆಗಲೇ ತೋರಿಸಿದೆ. 2023ರಲ್ಲಿ ಮಂಡಳಿಯ ತಪಾಸಣೆಯಲ್ಲಿ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಅವನ್ನು ಹೊರಡಿಸಿದ ಘಟಕಗಳಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇ-ತ್ಯಾಜ್ಯದಲ್ಲಿ ಬೆಲೆಯ ಜಗಳ ನಡೆದಿದೆ. ಪ್ರಮಾಣಪತ್ರ ತೀರಾ ಅಗ್ಗವಾದರೆ ಪ್ರಾಮಾಣಿಕ ಘಟಕ ಬಾಳಲಾರದೆಂದು ಸರ್ಕಾರವು ಗೃಹೋಪಯೋಗಿ ಉಪಕರಣಗಳಿಗೆ ಕಿಲೋಗೆ 22 ರೂಪಾಯಿ ಕನಿಷ್ಠ ದರ ಗೊತ್ತುಮಾಡಿತು; ಅದು ಹೊರೆಯೆಂದು ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಈ ವಿಷಯದಲ್ಲಿ ನಾನು ಸರ್ಕಾರದ ಪರ. ಹಲವು ಸಾವಿರ ರೂಪಾಯಿಯ ಫ್ರಿಜ್ ಮಾರುವವರಿಗೆ ಆ ಮೊತ್ತ ಹೊರಲಾರದ ಭಾರವಲ್ಲ. ಆದರೆ ಆ ಹಣದ ಒಂದು ಪಾಲು ಮನೆ ಬಾಗಿಲಿಂದ ಎತ್ತಿ ತಂದವರಿಗೆ ತಲುಪಬೇಕೆಂದು ನಿಯಮ ಹೇಳಬೇಕಿತ್ತು.

ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಬಿಚ್ಚುವ, ಸಂಸ್ಕರಿಸುವ ಕಾರ್ಮಿಕರನ್ನು ಗುರುತಿಸಿ ನೋಂದಾಯಿಸುವುದು, ಅವರ ಗುಂಪುಗಳನ್ನು ಕಟ್ಟಲು ನೆರವಾಗುವುದು, ತರಬೇತಿ ಕೊಡುವುದು ರಾಜ್ಯ ಸರ್ಕಾರದ ಕರ್ತವ್ಯವೆಂದು ಈಗಿನ ನಿಯಮಗಳಲ್ಲಿಯೇ ಬರೆದಿದೆ. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯು 2011ರಲ್ಲಿಯೇ ಗುರುತಿನ ಚೀಟಿ ಕೊಡಲಾರಂಭಿಸಿತು, ಅವರಲ್ಲಿ ಕೆಲವರು ಮುಂದೆ ಒಣಕಸ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸಿದರು. ಗುಜರಿ ಅಂಗಡಿಯ ಹಿಂದೆ ಸುತ್ತಿಗೆ ಹಿಡಿದವರಿಗೂ ಕಾರ್ಮಿಕ ಇಲಾಖೆಯು ಅಂಥ ಚೀಟಿಯನ್ನು ಕೊಟ್ಟು, ಅವರ ಗುಂಪಿನಿಂದ ರಸೀದಿ ಸಹಿತ ಕೊಂಡ ತ್ಯಾಜ್ಯಕ್ಕೆ ಮಾತ್ರ ಮಂಡಳಿಯು ಪೂರ್ಣ ಪ್ರಮಾಣಪತ್ರ ನೀಡುವಂತಾಗಬೇಕೆಂದು ನಾನು ಒತ್ತಾಯಿಸುತ್ತೇನೆ.